ಡಾಕ್ಟರು ಸೇರಿದ ಬಳಗ

ಮೂರು ವಾರದ ಹಿಂದೆ ಕುಬಿಹಾಳದ ಒಂದು ಹಿತ್ತಲಲ್ಲಿ ದನಗಳಿಗೆ ಲಸಿಕೆ ಹಾಕುತ್ತಿದ್ದಾಗ ಇಮಾಮಸಾಬ ಕಾಕಾ ಫೋನು ಮಾಡಿದರು. ನಮ್ಮ ಪಶು ಆಸ್ಪತ್ರೆಯಲ್ಲಿ ಬಹಳ ವರ್ಷ ಜವಾನರಾಗಿದ್ದವರು. "ಡಾಕ್ಟರು ಹೋದ್ರವ್ವಾ" ಎಂದರು. ನನ್ನ ಎದುರು ಇನ್ನೂ ನಾಲ್ಕು ಎತ್ತು ನಿಂತಿದ್ದವು. ಅವಕ್ಕೆ ಲಸಿಕೆ ಹಾಕಿ ಮುಗಿಸಿ, ಕೈ ತೊಳೆದುಕೊಂಡು, ಆಮೇಲೆ ಹೋಗಿ ಕಟ್ಟೆಯ ಮೇಲೆ ಕೂತೆ. ಮೊದಲು ಮೂಕ ಪ್ರಾಣಿ, ಆಮೇಲೆ ನಮ್ಮ ಗೋಳು ಎಂಬ ಆ ಕ್ರಮವನ್ನು ನನಗೆ ಕಲಿಸಿದವರು ಅವರೇ.

ಆರು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೆ. ಅವರು ಪಶುವೈದ್ಯರು, ನಾನು ಅವರಿಗೆ ನೆರವಾಗುವ ಜಾನುವಾರು ಪರೀಕ್ಷಕಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆಸ್ಪತ್ರೆಯಿದ್ದ ಊರಿನ ಹೆಸರನ್ನೂ ಬರೆಯುವುದಿಲ್ಲ. ಒಬ್ಬರ ಬದುಕನ್ನು ಹೆಸರು ಹಿಡಿದು ನಾಲ್ಕು ಜನರ ಮುಂದೆ ಬಿಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಬಲ್ಲೆ. ಇಷ್ಟನ್ನೂ ಅವರ ಹೆಂಡತಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಎತ್ತರದ ಆಳು, ಕೋಲಿನಂಥ ಮೈ. ದನದ ಹತ್ತಿರ ಹೋಗುವ ಮೊದಲು ಕೈಗಡಿಯಾರ ಬಿಚ್ಚಿ ಅಂಗಿಯ ಕಿಸೆಗೆ ಹಾಕುವರು, ಮೊಳಕೈ ದಾಟುವವರೆಗೂ ಸಾಬೂನು ಹಚ್ಚಿ ತೊಳೆಯುವರು, ಆಮೇಲೆ ದನದ ಕಿವಿಯ ಬುಡ ಕೆರೆಯುತ್ತ ಒಂದೆರಡು ಮಾತಾಡುವರು. ಎಮ್ಮೆಯಾದರೆ "ಯವ್ವಾ", ಆಕಳಾದರೆ "ತಂಗಿ". ಮನುಷ್ಯರ ಜೊತೆ ಅಷ್ಟು ನಯ ಇರಲಿಲ್ಲ. ತಡ ಮಾಡಿ ದನ ತಂದವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ತಂಬೂರಿನ ಕಡೆಯಿಂದ ಒಬ್ಬ ದೊಡ್ಡ ಜಮೀನ್ದಾರ ಹೊಟ್ಟೆ ಉಬ್ಬರಿಸಿದ ಎತ್ತನ್ನು ಎರಡು ದಿನ ಬಿಟ್ಟು ಗಾಡಿಯಲ್ಲಿ ಹಾಕಿಕೊಂಡು ಬಂದಾಗ, ಎತ್ತಿಗೆ ಸೂಜಿ ಚುಚ್ಚಿ ಗಾಳಿ ಬಿಡಿಸುತ್ತಲೇ ಬೈದರು.

"ಎರಡ ದಿನಾ ಏನ್ ನೋಡಕೋತ ಕುಂತಿದ್ದಿ? ಅದಕ್ಕ ಬಾಯಿಲ್ಲಂತ ನಿನಗೂ ಕಣ್ಣಿಲ್ಲೇನು?"

ಜಮೀನ್ದಾರ ತಲೆ ತಗ್ಗಿಸಿ ನಿಂತ. ಎತ್ತು ಬದುಕಿತು. ಮರುವಾರ ಅವನು ಒಂದು ಚೀಲ ಶೇಂಗಾ ತಂದರೆ ಡಾಕ್ಟರು ಹೊರಗೆ ಕಾದಿದ್ದ ಜನಕ್ಕೆ ಹಂಚಿಸಿಬಿಟ್ಟರು.

ನಾನು ನೌಕರಿ ಸೇರಿದಾಗ ನನಗೆ ಸೂಜಿ ಹಾಕುವುದು ಬಿಟ್ಟರೆ ಹೆಚ್ಚೇನೂ ಬರುತ್ತಿರಲಿಲ್ಲ. ಪುಸ್ತಕದಲ್ಲಿ ಓದಿದ್ದು ಬೇರೆ, ಒದೆಯುವ ಎಮ್ಮೆಯ ಹಿಂದೆ ನಿಲ್ಲುವುದು ಬೇರೆ. ಅವರು ನನ್ನ ಕೈ ಹಿಡಿದು ಅಲ್ಲ, ಬೈದು ಕಲಿಸಿದರು. ಕರು ಹೊಟ್ಟೆಯೊಳಗೆ ಹೇಗೆ ಮಲಗಿದೆ ಎಂಬುದನ್ನು ಕಣ್ಣು ಮುಚ್ಚಿ ಬೆರಳಲ್ಲೇ ನೋಡಬೇಕು ಎನ್ನುತ್ತಿದ್ದರು. ತಪ್ಪು ಹೇಳಿದರೆ ಮತ್ತೆ ಕೈ ಹಾಕಿಸುವರು, ಸರಿ ಹೇಳುವತನಕ ಬಿಡುತ್ತಿರಲಿಲ್ಲ.

ನೌಕರಿಯ ಎರಡನೇ ವರ್ಷ ನನ್ನ ಹೊಟ್ಟೆಯಲ್ಲಿದ್ದ ಏಳು ತಿಂಗಳ ಕೂಸು ಹೋಯಿತು. ಆಸ್ಪತ್ರೆಯಲ್ಲಿ ಕೆಲಸದ ಮೇಲೆ ಇದ್ದಾಗಲೇ ನೋವು ಕಾಣಿಸಿಕೊಂಡಿತು. ಡಾಕ್ಟರು ತಮ್ಮ ಕಾರಿನಲ್ಲಿ ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ದರು, ನನ್ನ ಗಂಡ ಬರುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಊರಿನಲ್ಲಿ ಯಾರಾದರೂ ಕೇಳಿದರೆ "ಟೈಫಾಯಿಡ್ ಆಗೇತಿ" ಎಂದು ಹೇಳಿದರಂತೆ. ನಾನು ತಿರುಗಿ ಬಂದ ದಿನ ಅದರ ಬಗ್ಗೆ ಒಂದು ಮಾತೂ ಆಡದೆ, ಹಾಜರಿ ಪುಸ್ತಕ ಮುಂದಿಟ್ಟು, ಒಂದು ತಿಂಗಳು ಎತ್ತು ಎಮ್ಮೆ ಬೇಡ, ಕುರಿ ಕೋಳಿ ನೋಡಿಕೋ ಎಂದರು. ಆ ಮನುಷ್ಯನಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ಅನ್ಯಾಯವಾಗುತ್ತದೆ.

ಬಳಗದ ಹೆಸರು ಮೊದಲ ಸಲ ಕೇಳಿದ್ದು ನಾಲ್ಕನೇ ವರ್ಷ. ಹುಬ್ಬಳ್ಳಿಯಲ್ಲಿದ್ದ ಅವರ ಹಳೆಯ ಗೆಳೆಯರೊಬ್ಬರು ಒತ್ತಾಯ ಮಾಡಿ ಮೂರು ದಿನದ ಶಿಬಿರಕ್ಕೆ ಸೇರಿಸಿದರು. ಬದುಕು ಬದಲಾಯಿಸಿಕೊಳ್ಳುವ ಶಿಬಿರ, ಅದನ್ನು ನಡೆಸುವವರು ತಮ್ಮನ್ನು ಬಳಗ ಎಂದು ಕರೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಒಳಗೆ ಹೋದರೆ ಸಂಜೆಯವರೆಗೆ ಬಾಗಿಲು ಹಾಕಿರುತ್ತದೆ, ಫೋನು ಇಸಿದುಕೊಂಡಿರುತ್ತಾರೆ, ಮನಸ್ಸಿನಲ್ಲಿ ಬಚ್ಚಿಟ್ಟಿದ್ದನ್ನು ಎಲ್ಲರ ಎದುರು ಹೇಳಬೇಕು. ಬಳಗದ ಬಗ್ಗೆ ಜನ ಎರಡು ತರಹ ಮಾತಾಡುತ್ತಿದ್ದರು. ಕುಡಿತ ಬಿಟ್ಟವರಿದ್ದರು. ಶಿಬಿರದಿಂದ ಬಂದವರೇ ಹೆಂಡತಿ ಮಕ್ಕಳನ್ನು ಬಿಟ್ಟು ಹೋದವರೂ ಇದ್ದರು. ಪತ್ರಿಕೆಯಲ್ಲಿ ಒಮ್ಮೆ ದೂರು ಬಂದಿತ್ತು, ಆಮೇಲೆ ತಣ್ಣಗಾಯಿತು.

ಶಿಬಿರದಿಂದ ಬಂದ ಡಾಕ್ಟರು ಮೊದಲು ಮಾಡಿದ ಕೆಲಸ ಎಂದರೆ, ನವಲಗುಂದದಲ್ಲಿದ್ದ ತಮ್ಮ ಅಣ್ಣನಿಗೆ ಫೋನು ಮಾಡಿದ್ದು. ಹೊಲದ ಹಂಚಿಕೆಯಲ್ಲಿ ಜಗಳವಾಗಿ ಹತ್ತು ವರ್ಷದ ಮೇಲೆ ಮಾತು ಬಿಟ್ಟಿದ್ದರು. ಔಷಧದ ಕೋಣೆಯಲ್ಲಿ ನಿಂತು "ಅಣ್ಣಾ, ನಂದ ತಪ್ಪು" ಎನ್ನುತ್ತಿದ್ದುದು ನನಗೆ ಕೇಳಿಸಿತು. ಅಣ್ಣ ಮರುದಿನವೇ ಬಂದರು. ಇಬ್ಬರೂ ಆಸ್ಪತ್ರೆಯ ಅಂಗಳದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಬಳಗದಿಂದ ಏನೂ ಒಳ್ಳೆಯದಾಗಲಿಲ್ಲ ಎಂದು ನಾನು ಹೇಳಲಾರೆ.

ಆದರೆ ಅಲ್ಲಿಗೆ ಅದು ನಿಲ್ಲಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನಾವು ಮೂವರೂ ಕುರ್ಚಿ ಹಾಕಿಕೊಂಡು ದುಂಡಗೆ ಕೂತು, ನಿನ್ನೆ ನಾನು ಯಾರಿಗೆ ಸುಳ್ಳು ಹೇಳಿದೆ, ಯಾವುದರಿಂದ ತಪ್ಪಿಸಿಕೊಂಡೆ ಎಂದು ಹೇಳಬೇಕೆಂಬ ಪದ್ಧತಿ ಬಂತು. ಹೊರಗೆ ರೈತರು ದನ ಹಿಡಿದು ನಿಂತಿರುತ್ತಿದ್ದರು. ಅವರಿಗೂ ಹೊಸ ಹೆಸರು ಬಂದಿತ್ತು, ಸಹಪಯಣಿಗರು ಎಂದು. "ಇವ್ರೇನ್ ರೈಲಿನ್ಯಾಗ ಬಂದಾರೇನ್ರಿ?" ಎಂದು ಇಮಾಮಸಾಬ ಕಾಕಾ ನನ್ನ ಕಿವಿಯಲ್ಲಿ ಕೇಳಿದರು. ಕಾಕಾ ಬಹಳ ಜಾಣರು. ದಿನಾ ಒಂದೇ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆ ಇದ್ದರೂ ಮನೆಯವಳಿಗೆ ಗೊತ್ತಾಗದಂತೆ ಎರಡನೇ ಸಲ ಚಹಾ ಕುಡಿದೆ ಎಂದು. ನಾನೂ ಅದೇ ದಾರಿ ಹಿಡಿದೆ. ಬಸ್ಸಿನಲ್ಲಿ ಬರುವಾಗಲೇ ಆ ದಿನಕ್ಕೆ ಒಂದು ಸಣ್ಣ ತಪ್ಪನ್ನು ಕಟ್ಟಿಕೊಂಡು ಬರುತ್ತಿದ್ದೆ. ಸಾರಿಗೆ ಉಪ್ಪು ಹೆಚ್ಚಾಗಿದ್ದನ್ನು ಅತ್ತೆಯ ಮೇಲೆ ಹಾಕಿದೆ, ಅಂಥದ್ದು.

ಡಾಕ್ಟರು ನನ್ನ ಮುಖವನ್ನೇ ನೋಡುತ್ತ ಕೂತಿರುತ್ತಿದ್ದರು. ಒಂದು ದಿನ, "ಸುಮಿತ್ರಾ, ನೀ ಮ್ಯಾಲಿಂದ ಮ್ಯಾಲ ಮಾತಾಡಾಕತ್ತಿ. ಒಳಗಿಂದು ಯಾವಾಗ ತಗೀತಿ?" ಎಂದರು. ಅವರು ಯಾವುದನ್ನು ಕೇಳುತ್ತಿದ್ದಾರೆಂದು ನನಗೆ ಗೊತ್ತಾಯಿತು. ಹೊರಗೆ ಯಾರದೋ ಎಮ್ಮೆ ಒದರಿತು, ಅದನ್ನೇ ನೆಪ ಮಾಡಿ ಎದ್ದುಹೋದೆ. ಅಂದಿನಿಂದ ದಿನವೂ ಬೆಳಿಗ್ಗೆ ಬಸ್ಸು ಆಸ್ಪತ್ರೆಯ ತಿರುವಿಗೆ ಬಂದಾಗ ಇಳಿಯಲೋ ಬೇಡವೋ ಎನ್ನುವಂತಾಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಹುಬ್ಬಳ್ಳಿಯ ಕಲ್ಯಾಣ ಮಂಟಪದಲ್ಲಿ ಬಳಗದ ಪರಿಚಯ ಸಭೆ ಇತ್ತು. ಪ್ರತಿಯೊಬ್ಬರೂ ತಮ್ಮವರನ್ನು ಕರೆತರಬೇಕು ಎಂದು ಅಪ್ಪಣೆಯಾಗಿತ್ತಂತೆ. ಕಾಕಾ ಹುಷಾರಿಲ್ಲ ಎಂದು ತಪ್ಪಿಸಿಕೊಂಡರು. ಒಂದು ಸಲ ಹೋಗಿ ಬಂದರೆ ಈ ಕಾಟ ತಪ್ಪೀತು ಎಂದುಕೊಂಡು ನಾನು ಹೋದೆ. ಇನ್ನೂರು ಜನ ಇದ್ದಿರಬೇಕು. ಬಿಳಿ ಅಂಗಿ ತೊಟ್ಟ ಒಬ್ಬ ಮಾರ್ಗದರ್ಶಿ ಮಾತಾಡಿದ ಮೇಲೆ ಡಾಕ್ಟರನ್ನು ವೇದಿಕೆಗೆ ಕರೆದರು. ಅವರು ಮೊದಲು ಅಣ್ಣನ ಕಥೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಅವರು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದರು.

"ನನ್ನ ಕೈಯಾಗ ಕೆಲಸಾ ಮಾಡೂ ಹೆಣ್ಣಮಗಳು ಒಬ್ಬಾಕಿ ಅದಾಳ್ರಿ. ಏಳ ತಿಂಗಳ ಕೂಸು ಅಕಿ ಹೊಟ್ಟ್ಯಾಗ ಸತ್ತಿತ್ತು. ನಾನ ದವಾಖಾನಿಗೆ ಕರಕೊಂಡ ಹೋಗಿದ್ದೆ. ಇವತ್ತಿನ ತನಕಾ ಒಬ್ಬರ ಮುಂದ ಬಾಯಿ ಬಿಟ್ಟಿಲ್ಲ. ಕಲ್ಲಾಗಿ ಕುಂತಾಳ. ಇಲ್ಲೇ ಅದಾಳ. ಎದ್ದ ನಿಲ್ಲವಾ, ಸುಮಿತ್ರಾ."

ಇನ್ನೂರು ತಲೆಗಳು ಹುಡುಕತೊಡಗಿದವು. ಪಕ್ಕದಲ್ಲಿದ್ದ ಹೆಂಗಸು ನನ್ನ ಬೆನ್ನ ಮೇಲೆ ಕೈ ಇಟ್ಟಳು. ನಾನು ಎದ್ದೆ. ಮತ್ತೆ ಚಪ್ಪಾಳೆಯ ಸದ್ದು. ನಾನು ವೇದಿಕೆಯ ಕಡೆ ಹೋಗುತ್ತೇನೆ ಎಂದು ತಿಳಿದರೇನೋ, ಜನ ದಾರಿ ಬಿಟ್ಟರು. ಬೆನ್ನು ತಿರುಗಿಸಿ ಬಾಗಿಲ ಕಡೆ ನಡೆದೆ. ಅಲ್ಲಿ ಎದೆಗೆ ಬಿಲ್ಲೆ ಚುಚ್ಚಿಕೊಂಡ ಇಬ್ಬರು ಹೆಂಗಸರು ನಿಂತಿದ್ದರು. ಈಗ ಹೊರಗೆ ಹೋದರೆ ನಿಮ್ಮಿಂದ ನೀವೇ ಓಡಿಹೋದ ಹಾಗೆ ಎಂದು ಒಬ್ಬಳು ನಗುತ್ತಲೇ ಹೇಳಿದಳು.

"ಬಾಗಲಾ ತಗೀರಿ," ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ಅವರು ಮಾರ್ಗದರ್ಶಿಯ ಮುಖ ನೋಡಿ, ಆಮೇಲೆ ಚಿಲಕ ತೆಗೆದರು.

ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವರು ಕೂಡಲೇ ಹೋಗಿ ಡಾಕ್ಟರನ್ನು ಕೇಳಿ ಬರುತ್ತೇನೆಂದು ಚಪ್ಪಲಿ ಹಾಕಿಕೊಂಡರು. ನಾನು ತಡೆದೆ. ವರ್ಗಾವಣೆಗೆ ಅರ್ಜಿ ಹಾಕು ಎಂದರು. ತಪ್ಪು ಮಾಡಿದವರು ಡಾಕ್ಟರು, ಊರು ಬಿಡುವವಳು ನಾನೇಕೆ ಎಂದು ನನಗೆ ಹಟ ಬಂತು. ಮರುದಿನ ಬೆಳಿಗ್ಗೆ ಮೂರು ಕುರ್ಚಿ ಹಾಕಿತ್ತು. ಡಾಕ್ಟರು, ನಿನ್ನೆ ನಿನಗೆ ಹೇಗೆ ಅನಿಸಿತು ಎಂಬುದರಿಂದ ಶುರು ಮಾಡು ಎಂದರು. ನಾನು ಕೂರಲಿಲ್ಲ.

"ಸರ್, ದನದ ಮಾತು ಏನಿದ್ರೂ ಕೇಳ್ರಿ, ಹೇಳತೇನಿ. ನನ್ನ ಮಾತು ಇನ್ಮ್ಯಾಲೆ ನಿಮ್ಮ ಮುಂದ ಇಲ್ಲ."

"ಇದಽ ಪ್ರತಿರೋಧ," ಎಂದರು ಅವರು. ಅದು ಅವರ ಮಾತಲ್ಲ, ಶಿಬಿರದ ಮಾತು. ದನಿಯೂ ಅವರದಾಗಿರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಬೈಯುವುದನ್ನು ಬಿಟ್ಟುಬಿಟ್ಟಿದ್ದರು. ಎಷ್ಟು ತಡ ಮಾಡಿ ದನ ತಂದರೂ ನಗುತ್ತ, ಇದರಿಂದ ನೀನು ಏನು ಕಲಿತೆ ಎಂದು ರೈತನನ್ನು ಕೇಳುತ್ತಿದ್ದರು. ರೈತರು ಕಕ್ಕಾಬಿಕ್ಕಿಯಾಗುತ್ತಿದ್ದರು.

ಅಲ್ಲಿಂದ ಐದು ತಿಂಗಳು ನಾವು ಒಂದೇ ಸೂರಿನಡಿ ಬೇರೆ ಬೇರೆ ಇದ್ದೆವು. ಬೆಳಗಿನ ಕೂಟಕ್ಕೆ ಅಸಹಕಾರ ಎಂದು ನನಗೆ ಕಾರಣ ಕೇಳಿ ನೋಟೀಸು ಕೊಟ್ಟರು. ಇಂಥ ಕೂಟ ಇಲಾಖೆಯ ಯಾವ ಆದೇಶದಲ್ಲಿದೆ ತಿಳಿಸಬೇಕು ಎಂದು ಒಂದೇ ಸಾಲಿನ ಉತ್ತರ ಬರೆದೆ. ನೋಟೀಸು ಅಲ್ಲಿಗೇ ನಿಂತಿತು. ದೂರದ ಹಳ್ಳಿಗಳ ಲಸಿಕೆಯೆಲ್ಲ ನನ್ನ ಪಾಲಿಗೆ ಬಂತು. ನನ್ನ ಕೆಲಸದ ಬಗ್ಗೆ ಮೇಲಿನವರಿಗೆ ಹೋಗುವ ವರ್ಷದ ಗುಪ್ತ ವರದಿ ಅವರ ಕೈಯಲ್ಲಿತ್ತು. ಏನು ಬರೆಯುತ್ತಾರೋ ಎಂದು ಒಳಗೊಳಗೇ ಹೆದರುತ್ತಿದ್ದೆ. ಬೆಳಿಗ್ಗೆ ಡಾಕ್ಟರು, ಕಾಕಾ ಇಬ್ಬರೂ ದುಂಡಗೆ ಕೂತರೆ, ಇಬ್ಬರಲ್ಲಿ ಎಂಥ ದುಂಡೋ, ನಾನು ಹೊರಗೆ ದನ ನೋಡುತ್ತಿದ್ದೆ. ಒಳಗಿನಿಂದ ಕಾಕಾ ತಮ್ಮ ಎರಡನೇ ಚಹಾದ ತಪ್ಪನ್ನು ಒಪ್ಪಿಕೊಳ್ಳುವುದು ಕೇಳುತ್ತಿತ್ತು.

ಡಾಕ್ಟರು ಐದು ದಿನದ ದೊಡ್ಡ ಶಿಬಿರಕ್ಕೆ ಸೇವಕರಾಗಿ ಹೋದಾಗ ಗಂಗವ್ವ ಎಂಬಾಕೆ ತನ್ನ ಎಮ್ಮೆಯನ್ನು ಹೊಡೆದುಕೊಂಡು ಬಂದಳು. ಹಿಂದಿನ ದಿನದಿಂದ ನೋವು ತಿನ್ನುತ್ತಿತ್ತು, ಕರುವಿಗಿಂತ ಮೊದಲು ಬರುವ ನೀರ ಚೀಲ ಕೂಡ ಕಾಣಿಸಿರಲಿಲ್ಲ. ಕೈ ಹಾಕಿ ನೋಡಿದೆ. ಹೆರಿಗೆಯ ದಾರಿ ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿತ್ತು. ಗರ್ಭಕೋಶ ತಿರುವು ಬಿದ್ದಿತ್ತು. ಬಿಡಿಸದಿದ್ದರೆ ತಾಯಿ ಕರು ಎರಡೂ ಉಳಿಯುವುದಿಲ್ಲ. ಡಾಕ್ಟರು ಅದನ್ನು ಬಿಡಿಸುವುದನ್ನು ಬಾಜುಕ ನಿಂತು ಎಷ್ಟೋ ಸಲ ನೋಡಿದ್ದೆ, ಒಬ್ಬಳೇ ಮಾಡಿರಲಿಲ್ಲ. ಡಾಕ್ಟರಿಗೆ ಫೋನು ಮಾಡಿದೆ, ಬಂದ್ ಆಗಿತ್ತು. ಅವರ ಹೆಂಡತಿಗೆ ಮಾಡಿದೆ. "ಫೋನ್ ಅವರ ಹಂತ್ಯಾಕ ಇಲ್ಲವ್ವಾ, ಇಸಗೊಂಡಾರ. ನನಗೂ ಸಿಗವಲ್ರು," ಎಂದು ಅವರು ಸಣ್ಣ ದನಿಯಲ್ಲಿ ಹೇಳಿದರು. ಪಕ್ಕದ ಊರಿನ ಪಶು ಆಸ್ಪತ್ರೆಯ ಡಾಕ್ಟರು ಬರಲು ಎರಡು ತಾಸು ಬೇಕೆಂದರು. ಎಮ್ಮೆಗೆ ಎರಡು ತಾಸು ಇರಲಿಲ್ಲ.

ಕೈಗಡಿಯಾರ ಬಿಚ್ಚಿ ಕಾಕಾನ ಕೈಗೆ ಕೊಟ್ಟೆ. ಎಮ್ಮೆಯನ್ನು ಕೆಡವಿ, ಮುಂಗಾಲು ಹಿಂಗಾಲು ಬೇರೆ ಬೇರೆ ಕಟ್ಟಿಸಿ, ಹೊಟ್ಟೆಯ ಮೇಲೆ ಉದ್ದನೆಯ ಹಲಗೆ ಇಡಿಸಿದೆ. ಹಲಗೆಯ ಮೇಲೆ ಕಾಕಾ ನಿಂತರು. ನಾಲ್ಕು ಜನ ರೈತರು ಕಾಲಿನ ಹಗ್ಗ ಹಿಡಿದು, ತಿರುವು ಬಿದ್ದ ಕಡೆಗೇ ಎಮ್ಮೆಯನ್ನು ಹೊರಳಿಸಿದರು. ಮೊದಲ ಸಲ ತಿರುವು ಬಿಚ್ಚಲಿಲ್ಲ. ಎರಡನೇ ಸಲವೂ ಇಲ್ಲ. ಗಂಗವ್ವ ಸೆರಗು ಕಚ್ಚಿಕೊಂಡು ನಿಂತಿದ್ದಳು. ದಿಕ್ಕು ತಪ್ಪಾಗಿ ಹಿಡಿದಿದ್ದರೆ ನಾನೇ ಕೊಂದ ಹಾಗೆ ಆಗುತ್ತಿತ್ತು. ಮತ್ತೆ ಕೈ ಹಾಕಿದೆ, ಕಣ್ಣು ಮುಚ್ಚಿದೆ, ಬೆರಳಿನಿಂದ ಮಡಿಕೆಯನ್ನು ಹಿಡಿದು ನೋಡಿದೆ. ದಿಕ್ಕು ಸರಿ ಇತ್ತು. ಮೂರನೇ ಸಲ ಹೊರಳಿಸಿದಾಗ ಒಳಗಿನಿಂದ ಬಿಸಿ ನೀರು ನನ್ನ ತೋಳಿನ ಮೇಲೆ ಹರಿಯಿತು. ಅರ್ಧ ತಾಸಿನಲ್ಲಿ ಕರು ಹೊರಗೆ ಬಂತು, ಹೆಣ್ಣುಕರು, ಜೀವ ಇತ್ತು.

ತೊಟ್ಟಿಯ ಹತ್ತಿರ ಕೈ ತೊಳೆಯುವಾಗ, ಇದನ್ನು ಮೊದಲು ಡಾಕ್ಟರಿಗೆ ಹೇಳಬೇಕು ಎಂದು ಮನಸ್ಸಿಗೆ ಬಂದುಬಿಟ್ಟಿತು. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ ಸಾಬೂನನ್ನು ಗೋಡೆಗೆ ಬೀಸಿ ಒಗೆದೆ.

ಶಿಬಿರದಿಂದ ಅವರು ಒಂದು ದಿನ ಮೊದಲೇ ಬಂದರು. ಬೆಳಿಗ್ಗೆ ಕುರ್ಚಿ ಹಾಕಿಸಲಿಲ್ಲ. ಗೋಡೆಗೆ ಹಚ್ಚಿದ್ದ ಬಳಗದ ಚಿತ್ರವನ್ನು ತಾವೇ ಕಿತ್ತರು. ಗಂಗವ್ವನ ಎಮ್ಮೆಯ ಸಂಗತಿಯನ್ನು ಕಾಕಾ ಹೇಳಿದಾಗ ದಾಖಲೆ ಪುಸ್ತಕದಲ್ಲಿ ನಾನು ಬರೆದಿದ್ದನ್ನು ಎರಡು ಸಲ ಓದಿ, ಸಹಿ ಮಾಡಿದರು. ಹದಿನೈದು ದಿನ ಹೀಗೆಯೇ ಹೋಯಿತು. ಆಮೇಲೆ ಒಂದು ಸಂಜೆ ಹೆಂಡತಿಯ ಜೊತೆ ನಮ್ಮ ಮನೆಗೆ ಬಂದರು. ನನ್ನ ಗಂಡ ಅವರನ್ನು ಕೂರಿ ಎನ್ನಲಿಲ್ಲ. ಡಾಕ್ಟರು ಬಾಗಿಲ ಹತ್ತಿರದ ಸ್ಟೂಲಿನ ತುದಿಗೆ ತಾವಾಗಿಯೇ ಕೂತರು.

ಶಿಬಿರದಲ್ಲಿ ಅವರಿಗೆ ಮೂರನೇ ಮಹಡಿಯ ಸಭಾಂಗಣದ ಬಾಗಿಲು ಕಾಯುವ ಸೇವೆ ಕೊಟ್ಟಿದ್ದರಂತೆ. ನಾಲ್ಕನೇ ದಿನ ಅಣ್ಣಿಗೇರಿ ಕಡೆಯ ಒಬ್ಬ ಕಾಳಿನ ವ್ಯಾಪಾರಿ ಎದ್ದು ನಿಂತು ತನ್ನ ತಂದೆಯ ಬಗ್ಗೆ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅವನ ನಾಲಿಗೆ ತೊಡರಿತು, ಕುಸಿದು ಕೂತ. ಮಾರ್ಗದರ್ಶಿ, ಯಾರೂ ಮುಟ್ಟಬೇಡಿ, ಒಳಗಿದ್ದದ್ದು ಹೊರಗೆ ಬರುತ್ತಿದೆ ಎಂದನಂತೆ. ಜನ ಕಣ್ಣು ಮುಚ್ಚಿ ಕೂತರು.

"ನಾ ಬಾಗಲದಾಗ ನಿಂತಿದ್ದೆ," ಎಂದರು ಡಾಕ್ಟರು. "ಬಾಯಿ ಸೊಟ್ಟ ಆಗಿದ್ದು ನನಗ ಕಾಣತು. ಬಲಗೈ ಜೋತ ಬಿದ್ದಿತ್ತು. ಲಕ್ವಾ ಅಂತ ನನಗ ಗೊತ್ತಾತು ಸುಮಿತ್ರಾ. ಆದ್ರೂ ಮಾರ್ಗದರ್ಶಿ ಹೇಳಿದ್ದು ಖರೇ ಇರಬೇಕು, ನಂದ ಅನುಮಾನದ ಬುದ್ಧಿ ಅಂತ ನಿಂತೆ. ಹದಿನೈದು ನಿಮಿಷ ನಿಂತೆ. ದನಕ್ಕ ಹಂಗ ಆಗಿದ್ರ ಓಡತಿದ್ದೆ."

ಕೊನೆಗೆ ತಾವೇ ಬಾಗಿಲು ತೆಗೆದು ಅವನನ್ನು ಆಸ್ಪತ್ರೆಗೆ ಸೇರಿಸಿದರಂತೆ. ಬದುಕಿದ. ಬಲಭಾಗ ಹೋಯಿತು, ಮಾತು ಹೋಯಿತು. ಬೇಗ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಎಂದು ಅಲ್ಲಿಯ ವೈದ್ಯರು ಹೇಳಿದರಂತೆ. ಇಷ್ಟು ಹೇಳಿ ಡಾಕ್ಟರು ನನ್ನ ಕಡೆ ನೋಡಿದರು.

"ನಿನ್ನ ಮಾತು ನಂದಲ್ಲ. ಅದನ್ನ ನಾ ಆಡಬಾರದಿತ್ತು. ತಪ್ಪಾತು."

ಮೈಕು ಇರಲಿಲ್ಲ, ಶಿಬಿರದ ಒಂದು ಶಬ್ದವೂ ಇರಲಿಲ್ಲ. ನನಗೆ ಅಳು ಬರಲಿಲ್ಲ.

"ಮಾಫ್ ಮಾಡೀನಿ ಅಂತ ಈಗ ಹೇಳಾಕ ಆಗಾಂಗಿಲ್ರಿ ಸರ್," ಎಂದೆ. "ಚಹಾ ಮಾಡತೇನಿ, ಕುಡದ ಹೋಗ್ರಿ."

ಅವರು ಚಹಾ ಕುಡಿದು ಹೋದರು. ನಿವೃತ್ತಿಗೆ ಎಂಟು ತಿಂಗಳಿತ್ತು. ಆ ಎಂಟು ತಿಂಗಳಲ್ಲಿ ಮಾಫಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನನ್ನ ಗುಪ್ತ ವರದಿಯಲ್ಲಿ ಒಳ್ಳೆಯದನ್ನೇ ಬರೆದಿದ್ದರೆಂದು ಆಮೇಲೆ ತಿಳಿಯಿತು. ತಡ ಮಾಡಿ ಬಂದವರನ್ನು ಮತ್ತೆ ಬೈಯಲು ಶುರು ಮಾಡಿದರು, ಆದರೆ ಬೈಗುಳ ಅರ್ಧಕ್ಕೇ ನಿಂತುಹೋಗುತ್ತಿತ್ತು. ಪ್ರತಿ ಭಾನುವಾರ ಅಣ್ಣಿಗೇರಿಗೆ ಹೋಗಿ ಆ ವ್ಯಾಪಾರಿಯ ಕೈಕಾಲಿಗೆ ಎಣ್ಣೆ ತಿಕ್ಕಿ, ಮಡಚಿ ಬಿಡಿಸಿ ವ್ಯಾಯಾಮ ಮಾಡಿಸಿ ಬರುತ್ತಿದ್ದರು. ನಿವೃತ್ತಿಯ ಮೇಲೂ ಅದನ್ನು ಬಿಡಲಿಲ್ಲ. ನನಗೆ ಯಾವಾಗ ಸಿಕ್ಕರೂ ಅವನ ಬೆರಳು ಎಷ್ಟು ಆಡುತ್ತವೆ ಎಂದು ಹೇಳುವರು, ಆಮೇಲೆ ಆ ಹದಿನೈದು ನಿಮಿಷದ ಮಾತು ತೆಗೆಯುವರು.

ಅವರು ತೀರಿಕೊಂಡ ಮೂರನೇ ದಿನ ನಾನೂ ಕಾಕಾನೂ ಅವರ ಮನೆಗೆ ಹೋದೆವು. ಬಳಗದವರು ಯಾರೂ ಬಂದಿರಲಿಲ್ಲ. ರೈತರು ಬಂದು ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದು ರಿಕ್ಷಾ ನಿಂತಿತು. ಹೆಂಡತಿಯ ಹೆಗಲು ಹಿಡಿದು, ಕೋಲೂರಿ, ಒಂದು ಕಾಲು ಎಳೆಯುತ್ತ ಒಬ್ಬ ದಪ್ಪ ಮನುಷ್ಯ ಇಳಿದ. ಅಣ್ಣಿಗೇರಿಯ ವ್ಯಾಪಾರಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವನನ್ನು ಕುರ್ಚಿಯ ಮೇಲೆ ಕೂರಿಸಿದರು. ಡಾಕ್ಟರ ಹೆಂಡತಿ ಎದುರಿಗೆ ಬಂದು ಕೈ ಮುಗಿದು, ಹದಿನೈದು ನಿಮಿಷ ತಡ ಮಾಡಿದ್ದು ಅವರನ್ನು ಕೊನೆತನಕ ತಿಂದಿತು, ಅವರ ಪರವಾಗಿ ತಾನು ಕ್ಷಮೆ ಕೇಳುತ್ತೇನೆ ಎಂದರು.

ಆ ಮನುಷ್ಯ ಜೋರಾಗಿ ತಲೆ ಅಲ್ಲಾಡಿಸಿದ. ಎಡಗೈಯಿಂದ ತನ್ನ ಬೆನ್ನು ತಟ್ಟಿಕೊಂಡು, ಮೂರು ಬೆರಳು ಎತ್ತಿ ತೋರಿಸಿ, ಏನೋ ಹೇಳಲು ಹವಣಿಸಿದ. ಅವನ ಹೆಂಡತಿ ಬಿಡಿಸಿ ಹೇಳಿದಳು.

"ಅವತ್ತ ಶಿಬಿರದಾಗ ಲಿಫ್ಟ್ ಕೆಟ್ಟಿತ್ತಂತ್ರಿ ಬಾಯಾರ. ಯಾರೂ ಕೈ ಹಚ್ಚಲಿಲ್ಲಂತ. ಮೂರ ಮಾಳಗಿ ಡಾಕ್ಟರು ಇವ್ರನ್ನ ಬೆನ್ನ ಮ್ಯಾಲ ಹೊತಗೊಂಡು ಇಳದಾರ. ಇವ್ರ ಮೈ ನೋಡ್ರಿ, ಅವ್ರ ಮೈ ನೋಡ್ರಿ."

ಇದನ್ನು ಡಾಕ್ಟರು ನನಗೆ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಆ ಮನುಷ್ಯ ಇನ್ನೂ ಏನನ್ನೋ ಹೇಳುವುದಿದೆ ಎಂಬಂತೆ ಕೈ ಎತ್ತಿದ. ನಾವೆಲ್ಲ ಕಾದೆವು. ಬಾಯಿಯ ಒಂದು ಬದಿಯಿಂದ ಮಾತು ಬರಲು ಬಹಳ ಹೊತ್ತು ಹಿಡಿಯಿತು.

"ಉಸ್ರು," ಎಂದ. ಕಣ್ಣಲ್ಲಿ ನೀರು ತುಂಬಿತ್ತು. "ಅವ್ರ... ಉಸ್ರು... ನನಗ ಕೇಳತಿತ್ತು."

ಡಾಕ್ಟರ ಹೆಂಡತಿ ಇನ್ನೊಂದು ಕುರ್ಚಿ ಎಳೆದುಕೊಂಡು ಅವನ ಬಾಜುಕ ಕೂತರು.